ತುರಿಕೆ ಗಿಡದ ನಾರು: ಬಸವನಗುಡಿಯ ತಾರಸಿಯಲ್ಲಿ ಎರಡು ಭಾನುವಾರ

ಮಲೆನಾಡಿನಲ್ಲಿಯೋ ಕೊಡಗಿನಲ್ಲಿಯೋ ಬೆಳೆದವರಿಗೆ ತುರಿಕೆ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ತೋಟದ ಬೇಲಿಯಂಚಿನಲ್ಲಿ, ಹಳ್ಳದ ಬದಿಯ ನೆರಳಿನಲ್ಲಿ ಆಳೆತ್ತರಕ್ಕೆ ನಿಂತಿರುವ ಈ ಗಿಡಕ್ಕೆ ಒಮ್ಮೆ ಕೈ ತಗುಲಿದರೆ ಆ ದಿನ ಬೇರೆ ಯಾವ ಕೆಲಸಕ್ಕೂ ಮನಸ್ಸು ನಿಲ್ಲುವುದಿಲ್ಲ. ಅದರ ತೊಗಟೆಯೊಳಗೆ ಹತ್ತಿಗಿಂತ ಗಟ್ಟಿಯಾದ, ಬಿಸಿಲಿಗೆ ಹಿಡಿದರೆ ಹೊಳೆಯುವ ನಾರಿದೆಯೆಂದು ಓದಿ ತಿಳಿದಿದ್ದೆನಾದರೂ, ಅದನ್ನು ಕೈಯಾರೆ ಬಿಡಿಸಿ ನೋಡುವ ಅವಕಾಶ ಒದಗಿದ್ದು ಕಳೆದ ನವೆಂಬರಿನಲ್ಲಿ, ಬಸವನಗುಡಿಯ ಹಳೆಯ ಮನೆಯೊಂದರ ತಾರಸಿಯ ಮೇಲೆ ಎರಡು ಭಾನುವಾರ ನಡೆದ ಕಾರ್ಯಾಗಾರದಲ್ಲಿ. ಶುಲ್ಕ ಒಬ್ಬರಿಗೆ 3,200 ರೂಪಾಯಿ. ಎರಡು ದಿನದ ಊಟ, ಕೈಗವಸು ಮತ್ತು ಮನೆಗೆ ಒಯ್ಯಲು ಒಂದು ಕಟ್ಟು ಸಿದ್ಧ ನಾರು ಅದರಲ್ಲೇ ಸೇರಿತ್ತು. ಮೆಚ್ಚಿದ್ದನ್ನೂ ಕೊರತೆಯನ್ನೂ ಒಟ್ಟಿಗೆ ಬರೆಯಬೇಕಾಗಿರುವುದರಿಂದ ನಡೆಸಿದವರ ಹೆಸರನ್ನು ಹಾಕಿಲ್ಲ. ಇಂಥ ಕಾರ್ಯಾಗಾರಗಳಿಗೆ ಹಣ ಕಟ್ಟುವ ಮೊದಲು ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಓದುಗರಿಗೆ ಸ್ಪಷ್ಟವಾಗಲಿ ಎಂಬುದಷ್ಟೇ ನನ್ನ ಉದ್ದೇಶ.

ಮೊದಲು ಗಿಡದ ವಿಷಯ. ತುರಿಕೆ ಗಿಡಕ್ಕೆ ಇಂಗ್ಲಿಷಿನಲ್ಲಿರುವ ನೆಟಲ್ ಎಂಬ ಒಂದೇ ಹೆಸರಿನಡಿ ಹಲವು ಗಿಡಗಳು ಬರುತ್ತವೆ. ಯೂರೋಪಿನವರು ನಾರು ತೆಗೆಯುವುದು ಅರ್ಟಿಕಾ ಡಯೋಯಿಕಾ ಎಂಬುದರಿಂದ. ನೇಪಾಳದ ಬೆಟ್ಟದ ಜನ ಅಲ್ಲೋ ಎಂದು ಕರೆದು ನೇಯ್ಗೆಗೆ ಬಳಸುವುದು ಜಿರಾರ್ಡಿನಿಯಾ ಡೈವರ್ಸಿಫೋಲಿಯಾ ಎಂಬ, ಅದಕ್ಕಿಂತ ದೊಡ್ಡ ಗಿಡವನ್ನು. ಈ ಎರಡನೆಯದು ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಇದೆ. ನೀಲಗಿರಿ ನೆಟಲ್ ಎಂಬ ಹೆಸರೂ ಅದಕ್ಕುಂಟು. ಕಾರ್ಯಾಗಾರಕ್ಕೆ ಬಂದಿದ್ದು ಇದೇ ಗಿಡ. ಕೊಡಗಿನ ಕಾಫಿ ತೋಟವೊಂದರ ಅಂಚಿನಲ್ಲಿ, ತೋಟದವರ ಒಪ್ಪಿಗೆ ಪಡೆದು ಕುಯ್ದದ್ದು. ಬೇರು ಕೀಳದೆ ನೆಲದಿಂದ ಗೇಣು ಮೇಲಕ್ಕೆ ಕುಯ್ದರೆ ಬುಡ ಮತ್ತೆ ಚಿಗುರುತ್ತದೆ ಎಂಬುದನ್ನೂ, ರೆಡ್ ಅಡ್ಮಿರಲ್ ಚಿಟ್ಟೆಯ ಮರಿಹುಳುಗಳು ನೆಟಲ್ ಜಾತಿಯ ಎಲೆಗಳನ್ನೇ ತಿಂದು ಬೆಳೆಯುವುದರಿಂದ ಒಂದು ಮೆಳೆಯನ್ನು ಪೂರ್ತಿ ಬೋಳಿಸಬಾರದು ಎಂಬುದನ್ನೂ ಮೊದಲ ಹತ್ತು ನಿಮಿಷದಲ್ಲೇ ಹೇಳಿದರು. ಇಷ್ಟು ಎಚ್ಚರದಿಂದ ಕಚ್ಚಾವಸ್ತುವನ್ನು ತರುವವರನ್ನು ನಾನು ಬೆಂಗಳೂರಿನ ಕರಕುಶಲ ತರಗತಿಗಳಲ್ಲಿ ಹೆಚ್ಚು ಕಂಡಿಲ್ಲ. ಬಂದವರಲ್ಲಿ ಒಬ್ಬರು ನಸುಗುನ್ನಿಯೂ ಇದೇ ಅಲ್ಲವೇ ಎಂದು ಕೇಳಿದರು. ಅಲ್ಲ, ನಸುಗುನ್ನಿ ಅವರೆಯ ಕುಟುಂಬದ ಬಳ್ಳಿ, ತುರಿಕೆ ಇರುವುದು ಅದರ ಕಾಯಿಯ ರೋಮದಲ್ಲಿ.

ಚುಚ್ಚುವ ಕೂದಲಿನ ವಿಷಯದಲ್ಲಿ ಮಾತ್ರ ಇವರ ಎಚ್ಚರ ಸಾಲದಾಯಿತು. ಈ ಕೂದಲುಗಳು ಟೊಳ್ಳಾದ ಸೂಜಿಗಳು. ಸಿಲಿಕಾದಿಂದ ಗಾಜಿನಂತೆ ಪೆಡಸಾಗಿರುವ ಅವುಗಳ ತುದಿ ಮುಟ್ಟಿದೊಡನೆ ಮುರಿದು, ಒಳಗಿನ ದ್ರವ ಚರ್ಮಕ್ಕೆ ಇಳಿಯುತ್ತದೆ. ಹಿಸ್ಟಮಿನ್, ಅಸಿಟೈಲ್‌ಕೋಲಿನ್, ಸೆರೊಟೋನಿನ್‌ನಂಥ ಪದಾರ್ಥಗಳು ಅದರಲ್ಲಿರುವುದರಿಂದ ಉರಿಯೂ ದದ್ದೂ ಒಟ್ಟಿಗೆ ಏಳುತ್ತವೆ. ಇಷ್ಟೆಲ್ಲ ವಿವರಿಸಿದವರು ನಮಗೆ ಕೊಟ್ಟದ್ದು ತೋಟಗಾರಿಕೆಯ ತೆಳು ಕೈಗವಸು, ಅದೂ ಮಣಿಕಟ್ಟಿನವರೆಗೆ ಮಾತ್ರ. ಜಿರಾರ್ಡಿನಿಯಾದ ಕೂದಲು ಉದ್ದವಾಗಿಯೂ ಬಿರುಸಾಗಿಯೂ ಇರುತ್ತದೆ; ಹೆಣೆದ ಬಟ್ಟೆಯ ಸಂದಿನಲ್ಲಿ ಅದು ಸಲೀಸಾಗಿ ತೂರುತ್ತದೆ. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯ ಮುಂಗೈ ಅರ್ಧ ಗಂಟೆಯಲ್ಲಿ ಊದಿಕೊಂಡಿತು. ಉಜ್ಜಬಾರದು, ಅಂಟುಪಟ್ಟಿ ಒತ್ತಿ ಎಳೆದು ಮುರಿದ ತುದಿಗಳನ್ನು ತೆಗೆಯಬೇಕು, ಆಮೇಲೆ ಸೋಪುನೀರಿನಲ್ಲಿ ತೊಳೆಯಬೇಕು ಎಂಬುದು ಅವರಿಗೆ ಗೊತ್ತಿತ್ತು, ಹಾಗೆಯೇ ಮಾಡಿದರು ಕೂಡ. ಆದರೆ ಚರ್ಮದ ಅಲರ್ಜಿಯೋ ಉಬ್ಬಸವೋ ಇದೆಯೇ ಎಂದು ಯಾರನ್ನೂ ಮುಂಚಿತವಾಗಿ ಕೇಳಿರಲಿಲ್ಲ. ದಪ್ಪ ಚರ್ಮದ ಕೈಗವಸನ್ನೂ ಉದ್ದ ತೋಳಿನ ಜೀನ್ಸ್ ಅಂಗಿಯನ್ನೂ ನೀವೇ ಒಯ್ಯಿರಿ, ಸಣ್ಣ ಮಕ್ಕಳನ್ನು ಮೊದಲ ದಿನ ಕರೆದೊಯ್ಯಬೇಡಿ.

ಎಲೆ ಸವರುವ ಕೆಲಸ ಬೇಗ ಮುಗಿಯಿತು. ಬುಡದಿಂದ ತುದಿಯ ಕಡೆಗೆ ಮುಷ್ಟಿಯಲ್ಲಿ ಎಳೆದರೆ ಎಲೆಗಳು ಉದುರುತ್ತವೆ. ಅಲ್ಲಿಂದ ಮುಂದೆ ಸುಮಾರು ಒಂದು ಗಂಟೆ ವ್ಯರ್ಥವಾಯಿತೆಂದೇ ಹೇಳಬೇಕು. ಅರ್ಟಿಕಾದ ಕಾಂಡ ಟೊಳ್ಳು. ಗೆಣ್ಣುಗಳನ್ನು ಜಜ್ಜಿ, ಉದ್ದಕ್ಕೆ ಸೀಳಿ, ಚಪ್ಪಟೆ ಮಾಡಿ, ಒಳಗಿನ ಕಟ್ಟಿಗೆಯನ್ನು ನಡುವೆ ಮುರಿದು ಎರಡೂ ಕಡೆಗೆ ಕಿತ್ತರೆ ತೊಗಟೆ ಪಟ್ಟಿಯಾಗಿ ಉಳಿಯುತ್ತದೆ. ಅಂತರ್ಜಾಲದ ವಿಡಿಯೋಗಳಲ್ಲಿ ಕಾಣುವುದು ಈ ಕ್ರಮ, ಮೊದಲು ನಮ್ಮಿಂದ ಮಾಡಿಸಿದ್ದೂ ಅದನ್ನೇ. ಹೆಬ್ಬೆರಳು ಗಾತ್ರದ, ಒಳಗೆ ತಿರುಳು ತುಂಬಿದ ನಮ್ಮ ಗಿಡದ ಕಾಂಡಕ್ಕೆ ಅದು ಹೊಂದಲಿಲ್ಲ. ಲಟ್ಟಣಿಗೆ ಹಾಕಿ ಜಜ್ಜಿದಾಗ ತೊಗಟೆಯೇ ಚೂರುಚೂರಾಯಿತು. ಕಲಿಸುವವರಲ್ಲಿ ಕೊಡಗಿನ ಕಡೆಯ ಹಿರಿಯರೊಬ್ಬರಿದ್ದರು. ಅವರು ಒಂದು ಹಸಿ ಕಡ್ಡಿ ತೆಗೆದುಕೊಂಡು, ಬುಡದಲ್ಲಿ ಉಗುರಿನಿಂದ ತೊಗಟೆಯನ್ನು ಎಬ್ಬಿಸಿ, ಕಡ್ಡಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ತೊಗಟೆಯನ್ನಲ್ಲ, ಕಡ್ಡಿಯನ್ನು ಹಿಂದಕ್ಕೆ ಬಗ್ಗಿಸುತ್ತ ಹೋದರು. ಬಾಳೆಪಟ್ಟೆಯಿಂದ ನಾರು ಸೀಳಿದಂಥ ಸದ್ದಿನೊಂದಿಗೆ ನಾಲ್ಕು ಅಡಿಯ ಪಟ್ಟಿ ಒಂದೇ ಎಳೆತಕ್ಕೆ ಬಂತು. ಪಟ್ಟಿ ಒಂದು ಕಡೆಗೆ ಕಿರಿದಾಗುತ್ತ ಬಂದರೆ ಎಳೆಯುವ ದಿಕ್ಕನ್ನು ಅಗಲವಾದ ಕಡೆಗೆ ಬದಲಿಸಬೇಕು ಎಂದು ಅವರು ತೋರಿಸಿದ್ದು ಇಡೀ ದಿನದ ಅತ್ಯಂತ ಉಪಯುಕ್ತ ಪಾಠವಾಗಿತ್ತು. ಅವರಿಗೇ ಬೆಳಗಿನಿಂದ ಕಲಿಸಲು ಬಿಟ್ಟಿದ್ದರೆ ಹತ್ತಿಪ್ಪತ್ತು ಒಳ್ಳೆಯ ಕಡ್ಡಿಗಳು ಹಾಳಾಗುತ್ತಿರಲಿಲ್ಲ.

ಬಿಡಿಸಿದ ಪಟ್ಟಿಯ ಹೊರಮೈಯನ್ನು ಹಲಗೆಯ ಮೇಲಿಟ್ಟು ಚಾಕುವಿನ ಮೊಂಡ ಬೆನ್ನಿನಿಂದ ಕೆರೆದರೆ ಹಸಿರು ಸಿಪ್ಪೆ ಸ್ವಲ್ಪ ಹೋಗುತ್ತದೆ. ಉಳಿದದ್ದು ಮುಂದೆ ಕುದಿಸುವಾಗ ಹೋಗಬೇಕಾದದ್ದು. ಅದೇ ದಿನ ಹಗ್ಗ ಹೊಸೆದು ಕೈಗೆ ಕೊಟ್ಟು ಕಳುಹಿಸಿದ್ದರೆ ಬಂದವರೆಲ್ಲ ಸಂತೋಷದಿಂದಲೇ ಮನೆಗೆ ಹೋಗುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಹಸಿ ಪಟ್ಟಿ ಒಣಗುತ್ತ ಕುಗ್ಗುತ್ತದೆ. ಹಸಿಯಾಗಿ ಹೊಸೆದ ಹುರಿ ಎರಡು ದಿನದಲ್ಲಿ ಸಡಿಲವಾಗಿ ಎಳೆಗಳ ನಡುವೆ ಬೆಳಕು ಕಾಣುತ್ತದೆ. ಪೂರ್ತಿ ಒಣಗಿಸಿ, ಬೇಕಾದಾಗ ನೆನೆಸಿ ಮೆದು ಮಾಡಿಕೊಂಡು ಹೊಸೆದರೆ ಮಾತ್ರ ಅದು ಬಿಗಿಯಾಗಿ ನಿಲ್ಲುತ್ತದೆ. ಗಾಂಧಿಬಜಾರಿನಲ್ಲಿ ಹೂ ಕಟ್ಟುವವರ ಮಗ್ಗುಲಲ್ಲಿ ಒಣ ಬಾಳೆ ನಾರನ್ನು ನೀರಿನಲ್ಲಿ ನೆನೆಸಿಟ್ಟಿರುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಪಟ್ಟಿಗಳನ್ನು ಮನೆಗೊಯ್ದು, ನೆರಳಿನಲ್ಲಿ ಗಾಳಿಯಾಡುವಂತೆ ನೇತುಹಾಕಿ ಮುಂದಿನ ಭಾನುವಾರ ತರಬೇಕೆಂದು ಹೇಳಿದರು. ಒಂದು ವಾರ ಬಿಟ್ಟು ಎರಡನೆಯ ದಿನವನ್ನಿಟ್ಟ ಈ ತೀರ್ಮಾನಕ್ಕಾಗಿಯೇ ನಾನು ಇವರನ್ನು ಗೌರವಿಸುತ್ತೇನೆ.

ನವೆಂಬರಿನ ಬೆಂಗಳೂರು ಇದಕ್ಕೆ ಸಹಕರಿಸಲಿಲ್ಲ ಎಂಬುದು ಬೇರೆ ಮಾತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿತ್ತು, ಮೂರು ದಿನ ಜಿಟಿಜಿಟಿ ಮಳೆ. ಬಟ್ಟೆ ಒಣಗಿಸುವ ತಂತಿಯ ಮೇಲೆ ಒತ್ತೊತ್ತಾಗಿ ಹಾಕಿದ್ದ ನನ್ನ ಪಟ್ಟಿಗಳ ಒಳಮೈಯಲ್ಲಿ ನಾಲ್ಕನೆಯ ದಿನ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಅವುಗಳನ್ನು ಒಂದೊಂದಾಗಿ ಬಿಡಿಸಿ ಫ್ಯಾನಿನ ಕೆಳಗೆ ಹರಡಿದ ಮೇಲೆ ಬೂಷ್ಟು ನಿಂತಿತಾದರೂ, ಚುಕ್ಕೆ ಬಿದ್ದಲ್ಲೆಲ್ಲ ನಾರು ಕೊನೆಯವರೆಗೂ ಬಲಹೀನವಾಗಿಯೇ ಉಳಿಯಿತು. ಮಳೆಗಾಲದಲ್ಲಿ ಒಣಗಿಸುವ ಬಗೆಯನ್ನು ನಾಲ್ಕು ಸಾಲಿನಲ್ಲಿ ಬರೆದುಕೊಟ್ಟಿದ್ದರೆ ಒಳ್ಳೆಯದಿತ್ತು.

ಎರಡನೆಯ ಭಾನುವಾರವೇ ಈ ಕಾರ್ಯಾಗಾರದ ಜೀವಾಳ. ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು, ಪಕ್ಕದಲ್ಲಿ ಸೌದೆ ಒಲೆಯ ಹೋಟೆಲೊಂದರಿಂದ ತಂದು ಜರಡಿ ಹಿಡಿದ ಬೂದಿ. ತೊಗಟೆಯ ನಾರಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಮೊದಲಾದ ಅಂಟುಪದಾರ್ಥಗಳು. ಉತ್ತರ ಕರ್ನಾಟಕದಲ್ಲಿ ಪುಂಡಿಯ ಕಟ್ಟುಗಳನ್ನು ಕೆರೆಯಲ್ಲಿ ಮುಳುಗಿಸಿ ಕೊಳೆಹಾಕುವಾಗ ಈ ಅಂಟನ್ನು ತಿನ್ನುವುದು ನೀರಿನ ಸೂಕ್ಷ್ಮಜೀವಿಗಳು. ನೇಪಾಳದ ಅಲ್ಲೋ ಕ್ರಮದಲ್ಲಿ ಅದೇ ಕೆಲಸವನ್ನು ಬೂದಿಯ ಕ್ಷಾರ ಕೆಲವು ಗಂಟೆಗಳಲ್ಲಿ ಮಾಡುತ್ತದೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುವುದರಿಂದ ಅದು ಸಾಧ್ಯ. ನಮ್ಮ ಮಡಿವಾಳರು ಕ್ಷಾರವುಳ್ಳ ಚೌಳುಮಣ್ಣು ಹಾಕಿ ಬಟ್ಟೆಗೆ ಉಬ್ಬೆ ಕಟ್ಟುತ್ತಿದ್ದುದರ, ಅಂದರೆ ಹಬೆಯಲ್ಲಿ ಬೇಯಿಸುತ್ತಿದ್ದುದರ, ಹಿಂದಿನ ತಿಳಿವಳಿಕೆಯೂ ಇದೇ. ಸೋಡಾಪುಡಿ ಹಾಕಿದ್ದರೆ ಕೆಲಸ ಬೇಗ ಆಗುತ್ತಿತ್ತಲ್ಲವೇ ಎಂದು ಒಬ್ಬರು ಕೇಳಿದಾಗ, ಆಗುತ್ತಿತ್ತು, ಆದರೆ ಎಷ್ಟು ಹೊತ್ತಿಗೆ ಅಂಟು ಬಿಡುತ್ತದೆ ಎಂಬುದನ್ನು ಬೆರಳು ಕಲಿಯುತ್ತಿರಲಿಲ್ಲ ಎಂದು ಹಿರಿಯರು ಹೇಳಿದರು. ಅದರಂತೆಯೇ ಪ್ರತಿ ಅರ್ಧ ಗಂಟೆಗೊಮ್ಮೆ ಒಂದು ಪಟ್ಟಿ ಹೊರತೆಗೆದು, ತಣ್ಣೀರಿನಲ್ಲಿ ಅದ್ದಿ, ಎರಡು ಹೆಬ್ಬೆರಳಿನ ನಡುವೆ ಅಡ್ಡಕ್ಕೆ ಉಜ್ಜಿ ನೋಡಿದೆವು. ಒಂದು ಗಂಟೆಗೆ ಅದು ಇನ್ನೂ ಚರ್ಮದ ಪಟ್ಟಿಯಂತೆ ಒಂದೇ ತುಂಡಾಗಿತ್ತು. ಎರಡು ಗಂಟೆಗೆ ಅಂಚು ಬಿರಿಯಿತು. ಮೂರು ಗಂಟೆಗೆ ಕಂದು ಸಿಪ್ಪೆ ಬೆರಳಿಗೆ ಲೋಳೆಯಾಗಿ ಹತ್ತಿ, ಒಳಗಿನಿಂದ ಕೆನೆಬಣ್ಣದ ಎಳೆಗಳು ಬಲೆಯಂತೆ ಹರಡಿಕೊಂಡವು. ಆ ಕ್ಷಣವನ್ನು ನೋಡುವುದಕ್ಕೇ 3,200 ರೂಪಾಯಿ ಕೊಡಬಹುದು ಎಂದು ನನಗನ್ನಿಸಿತು.

ಕುದಿಯುವ ಹೊತ್ತಿನಲ್ಲಿ ಅವರು ಹೇಳಿದ ಚರಿತ್ರೆಯೂ ಹುರುಳುಳ್ಳದ್ದಾಗಿತ್ತು. ಡೆನ್ಮಾರ್ಕಿನ ಲೂಸೆಹೊಯ್ ಎಂಬಲ್ಲಿಯ ಕಂಚಿನ ಯುಗದ ಗೋರಿಯಲ್ಲಿ, ಸುಟ್ಟ ಮೂಳೆಗಳನ್ನು ಸುತ್ತಿಟ್ಟಿದ್ದ ಸುಮಾರು 2,800 ವರ್ಷ ಹಳೆಯ ಬಟ್ಟೆ ದೊರೆತಿದೆ. ಅದು ನೆಟಲ್ ನಾರಿನದೆಂದೂ, ಆ ಗಿಡ ಬೆಳೆದದ್ದು ಡೆನ್ಮಾರ್ಕಿನಲ್ಲಲ್ಲ, ಪ್ರಾಯಶಃ ಇಂದಿನ ಆಸ್ಟ್ರಿಯಾದ ಸೀಮೆಯಲ್ಲೆಂದೂ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾರಿನ ಕೋಶಭಿತ್ತಿಯ ಸೂಕ್ಷ್ಮ ಎಳೆಗಳು ಯಾವ ಕಡೆಗೆ ಸುತ್ತಿಕೊಂಡಿವೆ ಎಂಬುದು ಇಂಥ ಗುರುತಿಸುವಿಕೆಗೆ ಒಂದು ಆಧಾರ. ಇದನ್ನು ಸೂಕ್ಷ್ಮದರ್ಶಕವಿಲ್ಲದೆಯೂ ನೋಡಬಹುದೆಂದು ಹೇಳಿ, ಕೂದಲಿನಷ್ಟು ಸಣ್ಣ ಒಂದು ಎಳೆಯನ್ನು ನೀರಿನಲ್ಲಿ ಅದ್ದಿ, ಅದರ ಬಿಡಿ ತುದಿ ನಮ್ಮ ಕಡೆ ಬರುವಂತೆ ಬಿಸಿ ಪಾತ್ರೆಯ ಮೇಲೆ ಹಿಡಿದರು. ಒಣಗುತ್ತಿದ್ದಂತೆ ತುದಿ ಮೆಲ್ಲಗೆ ಪ್ರದಕ್ಷಿಣೆಯಾಗಿ ತಿರುಗಿತು. ಅಗಸೆ, ನೆಟಲ್ ಕುಟುಂಬದ್ದೇ ಆದ ರೇಮಿ, ನೆಟಲ್ ನಾರುಗಳು ಹೀಗೆ ಪ್ರದಕ್ಷಿಣೆಯಾಗಿಯೂ, ಸೆಣಬು ಮತ್ತು ಗಾಂಜಾ ಜಾತಿಯ ಹೆಂಪ್ ನಾರುಗಳು ಅಪ್ರದಕ್ಷಿಣೆಯಾಗಿಯೂ ತಿರುಗುತ್ತವೆ. ಈ ಪರೀಕ್ಷೆಯ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗಿದೆ.

ಕುದಿಸಿದ ನಾರನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದು, ತೊಳೆದು, ಮತ್ತೆ ಬಡಿದು, ಕೊನೆಗೆ ಬಿಳಿ ಜೇಡಿಮಣ್ಣಿನ ನೀರಿನಲ್ಲಿ ಉಜ್ಜಿದೆವು. ಮಣ್ಣಿನ ನುಣುಪು ಕಣಗಳು ಎಳೆಗಳ ನಡುವೆ ಸೇರಿಕೊಳ್ಳುವುದರಿಂದ ಒಣಗುವಾಗ ಅವು ಮತ್ತೆ ಅಂಟಿಕೊಳ್ಳುವುದಿಲ್ಲ. ನೇಪಾಳದಲ್ಲಿಯೂ ಹೀಗೆಯೇ ಮಾಡುತ್ತಾರೆ. ಆದರೆ ಅಲ್ಲಿ ತೊಳೆಯುವುದು ಹರಿಯುವ ಹೊಳೆಯಲ್ಲಿ, ಇಲ್ಲಿ ನಲ್ಲಿ ನೀರಿನಲ್ಲಿ. ಹನ್ನೆರಡು ಜನರ ನಾರಿಗೆ ಎಷ್ಟು ಬಕೆಟ್ ಖರ್ಚಾಯಿತೆಂದು ಲೆಕ್ಕ ಇಡುವುದನ್ನು ನಲವತ್ತಕ್ಕೆ ನಿಲ್ಲಿಸಿದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಊರಿನಲ್ಲಿ ಇದು ನನಗೆ ನಿಜಕ್ಕೂ ಸಂಕಟ ತಂದಿತು. ಮೊದಲ ತೊಳೆತದ ನೀರನ್ನು ತಿಳಿಗೊಳಿಸಿ ಮತ್ತೊಮ್ಮೆ ಬಳಸುವ, ಇಲ್ಲವೇ ಮಳೆನೀರಿನ ತೊಟ್ಟಿಯುಳ್ಳ ಜಾಗದಲ್ಲಿ ಕಾರ್ಯಾಗಾರ ನಡೆಸುವ ಏರ್ಪಾಟನ್ನು ಅವರು ಮಾಡಲೇಬೇಕು.

ಹೊಸೆಯುವುದನ್ನು ಕಲಿಸಿದ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ಎರಡು ಎಳೆಗಳನ್ನು ಒಂದೇ ದಿಕ್ಕಿಗೆ ನುಲಿದು, ಅವೆರಡನ್ನೂ ವಿರುದ್ಧ ದಿಕ್ಕಿಗೆ ಒಂದರ ಮೇಲೊಂದು ಸುತ್ತಿದರೆ, ಬಿಚ್ಚಿಕೊಳ್ಳಲು ಹವಣಿಸುವ ಎರಡು ನುಲಿಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಮಾತಿನಲ್ಲಿ ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ಎದುರಿಗೆ ಕುಳಿತಿದ್ದ ಅರವತ್ತು ದಾಟಿದ ಗೃಹಿಣಿಯೊಬ್ಬರು, ಇದು ಬತ್ತಿ ಹೊಸೆದ ಹಾಗೆಯೇ ಅಲ್ಲವೇ ಎಂದು ಸೀರೆಯನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡು, ಎರಡು ಎಳೆಗಳನ್ನು ಪಕ್ಕಪಕ್ಕದಲ್ಲಿ ತೊಡೆಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಉರುಳಿಸಿ, ಕೈಯೆತ್ತದೆ ಹಿಂದಕ್ಕೆ ತಂದರು. ಅಷ್ಟರಲ್ಲಿ ಎರಡಂಗುಲ ಹುರಿ ಸಿದ್ಧವಾಗಿತ್ತು. ಕಲಿಸುವವರು ಅವರನ್ನೇ ನಡುವೆ ಕೂರಿಸಿ ಮಿಕ್ಕವರಿಗೆ ತೋರಿಸಲು ಹೇಳಿದರು. ಹುಲ್ಲಿನ ಹಗ್ಗ ಹೊಸೆದು ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ನುಲಿಯ ಚಂದಯ್ಯನ ನಾಡಿನಲ್ಲಿ ಈ ವಿದ್ಯೆ ಯಾವುದೋ ಮೂಲೆಯಲ್ಲಿ ಉಳಿದೇ ಇದೆ ಎಂದು ನನಗೆ ಹೆಮ್ಮೆಯಾಯಿತು. ಹೊಸ ಎಳೆ ಸೇರಿಸುವಾಗ ಎರಡು ಎಳೆಗಳ ಜೋಡಣೆಗಳೂ ಒಂದೇ ಜಾಗದಲ್ಲಿ ಬರಬಾರದು ಎಂಬ ನಿಯಮವನ್ನು ಮರೆತಲ್ಲೆಲ್ಲ ನನ್ನ ಹುರಿ ತುಂಡಾಯಿತು. ಸುಮಾರು ಮೂವತ್ತು ಕಡ್ಡಿಗಳ ತೊಗಟೆಯಿಂದ ಕಡೆಗೆ ನನಗೆ ದಕ್ಕಿದ್ದು ಗೋಣಿದಾರದ ದಪ್ಪದ ಐದೂವರೆ ಮೀಟರ್ ಹುರಿ. ಬಟ್ಟೆ ನೇಯುವಷ್ಟು ನೂಲು ಎರಡು ದಿನದಲ್ಲಿ ಸಿಗುತ್ತದೆಂದು ನಂಬಿ ಯಾರೂ ಹೋಗಬಾರದು. ತಕಲಿಯ ಮೇಲೆ ನೂಲುವುದನ್ನು ತೋರಿಸಿದರಷ್ಟೇ, ಅಭ್ಯಾಸಕ್ಕೆ ಸಮಯವಿರಲಿಲ್ಲ.

ಇನ್ನು ಮನೆಗೆ ಕೊಟ್ಟ ಸಿದ್ಧ ನಾರಿನ ಕಟ್ಟು. ಶುದ್ಧ ಹಿಮಾಲಯದ ನೆಟಲ್ ಎಂದು ಅದರ ಚೀಟಿಯಲ್ಲಿ ಅಚ್ಚಾಗಿತ್ತು. ಕೈಗೆ ತೆಗೆದುಕೊಂಡಾಗಲೇ ಅನುಮಾನ ಬಂತು. ನಾನು ಬಿಡಿಸಿದ ನಾರು ತಣ್ಣಗೆ, ನುಣ್ಣಗೆ ಇದ್ದರೆ ಇದು ಹೊಂಬಣ್ಣವಾಗಿ, ಒರಟಾಗಿ, ಮೂಸಿದರೆ ಹೊಸ ಗೋಣಿಚೀಲದಂತಿತ್ತು. ಅವರೇ ಕಲಿಸಿದ ಪರೀಕ್ಷೆಯನ್ನು ಆ ರಾತ್ರಿ ಅಡುಗೆಮನೆಯಲ್ಲಿ ಮಾಡಿದೆ. ಕಾದ ದೋಸೆ ಹಂಚಿನ ಮೇಲೆ ನನ್ನ ನಾರಿನ ಹತ್ತು ಎಳೆಗಳನ್ನು ಒಂದೊಂದಾಗಿ ಹಿಡಿದೆ, ಒಂಬತ್ತು ಪ್ರದಕ್ಷಿಣೆಯಾಗಿ ತಿರುಗಿದವು, ಒಂದು ಅಲುಗಾಡಲಿಲ್ಲ. ಕಟ್ಟಿನಿಂದ ತೆಗೆದ ಹತ್ತೂ ಅಪ್ರದಕ್ಷಿಣೆಯಾಗಿ ತಿರುಗಿದವು. ನೆಟಲ್ ಅನ್ನು ಅಗಸೆಯಿಂದ ಬೇರೆ ಮಾಡಿ ತೋರಿಸಲು ಈ ಪರೀಕ್ಷೆಗೆ ಶಕ್ತಿಯಿಲ್ಲ, ಸೆಣಬಿನಿಂದ ಬೇರೆ ಮಾಡಲು ಇದೆ.

ಮರುದಿನ ಫೋನಿನಲ್ಲಿ ತಿಳಿಸಿದಾಗ ಅವರು ವಾದಕ್ಕೆ ಇಳಿಯಲಿಲ್ಲ. ತಮ್ಮಲ್ಲಿ ಉಳಿದಿದ್ದ ಕಟ್ಟುಗಳನ್ನು ತಾವೇ ಪರೀಕ್ಷಿಸಿ, ಮಾರಿದವರಿಂದ ಮೋಸ ಹೋಗಿರುವುದನ್ನು ಒಪ್ಪಿಕೊಂಡು, ಬಂದ ಹನ್ನೆರಡು ಜನರಿಗೂ ಪತ್ರ ಬರೆದರು. ಕೊಳ್ಳುವ ಮೊದಲೇ ಈ ಪರೀಕ್ಷೆ ಆಗಬೇಕಿತ್ತು ಎಂಬ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ. ಇಡೀ ದಿನ ಬೆರಳಿಗೆ ನಾರಿನ ಗುರುತು ಹಿಡಿಯಲು ಕಲಿಸಿದವರು ಚೀಟಿಯನ್ನು ನಂಬಿದ್ದು ಸಣ್ಣ ತಪ್ಪಲ್ಲ. ಹಣ ಹಿಂದಿರುಗಿಸಲೇ, ಬೇರೆ ನಾರು ಕೊಡಲೇ ಎಂದು ಕೇಳಿದರು. ನಾನು ನಾರನ್ನೇ ಕೇಳಿದೆ, ಆದರೆ ಕೊಂಡು ತಂದದ್ದು ಬೇಡ, ಹಿರಿಯರು ಕೊಡಗಿನ ಗಿಡದಿಂದ ತಾವೇ ತೆಗೆದದ್ದಿದ್ದರೆ ಕೊಡಿ ಎಂದೆ. ಮೂರು ವಾರದ ನಂತರ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಹಿಡಿ ನಾರು ಬಂತು. ತೂಕದಲ್ಲಿ ಮೊದಲಿನದರ ಅರ್ಧವೂ ಇರಲಿಲ್ಲ, ಜೇಡಿಮಣ್ಣಿನ ಬಿಳಿ ಧೂಳು ಇನ್ನೂ ಅದಕ್ಕೆ ಹತ್ತಿಕೊಂಡಿತ್ತು. ಅದೇ ಹಂಚನ್ನು ಕಾಯಿಸಿ ಹತ್ತು ಎಳೆ ಹಿಡಿದು ನೋಡಿದೆ. ಹತ್ತೂ ಪ್ರದಕ್ಷಿಣೆಯಾಗಿ ತಿರುಗಿದವು.